ಪಿಂಗಾಣಿ ರಾಜನ ಪೇಟ

ನಮ್ಮೂರಿನ ಒಂದು ಮ್ಯೂಸಿಯಮ್ಮಿನ ಮೇಲಿನ ಮಹಡಿಯಲ್ಲಿ, ಕೊನೆಯ ಕೋಣೆಯಲ್ಲಿ, ಗಾಜಿನ ಕಪಾಟಿನೊಳಗೆ ಇಬ್ಬರು ಪಾಶ್ಚಾತ್ಯ ಸಾಹಿತಿಗಳು ಅಕ್ಕಪಕ್ಕ ಕೂತಿದ್ದಾರೆ. ಕೂತಿದ್ದಾರೆ ಅನ್ನುವುದೂ ತಪ್ಪು. ಎದೆಯಿಂದ ಕೆಳಗೆ ಅವರಿಗೆ ಏನೂ ಇಲ್ಲ. ಬಿಳಿ ಪಿಂಗಾಣಿಯ ತಲೆ, ಕತ್ತು, ಭುಜ, ಕೆಳಗೊಂದು ದುಂಡನೆಯ ಪೀಠ. ಎಡಗಡೆಯವನು ಕವಿ, ಬಲಗಡೆಯವನು ಕಾದಂಬರಿಕಾರ ಎಂದು ಫಲಕ ಹೇಳುತ್ತದೆ. ಹೆಸರುಗಳೂ ಇವೆ. ಅವನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರು ಮೊಬೈಲಿನಲ್ಲಿ ಚಿತ್ರ ಹುಡುಕಿ ನನಗೆ ತೀರ್ಪು ಕಳಿಸುತ್ತಾರೆ. ತೀರ್ಪಿನ ಕಾಲ ಮುಗಿದಿದೆ.

ಇವರಿಬ್ಬರಲ್ಲಿ ಒಬ್ಬ ನಮ್ಮ ಅಮ್ಮನ ಪಟ್ಟದ ಗೊಂಬೆಗೆ ಗಂಡನಾಗಿದ್ದ. ಯಾರು ಅನ್ನುವುದು ನನಗೆ ಗೊತ್ತಿಲ್ಲ. ಇಬ್ಬರೂ ಅಲ್ಲದಿರಬಹುದು ಎಂಬ ಅನುಮಾನವನ್ನೂ ನಾನು ಪೂರ್ತಿ ಬಿಟ್ಟಿಲ್ಲ.

ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ತವರಿನವರು ಪಟ್ಟದ ಗೊಂಬೆ ಕೊಡುತ್ತಾರೆ. ಮರದಲ್ಲಿ ಕೆತ್ತಿದ ರಾಜ, ರಾಣಿ. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲಿಗೆ ಮೊದಲು ಈ ಜೋಡಿ ಏರಬೇಕು. ಆಮೇಲೆ ಉಳಿದ ದೇವರು, ಸೆಟ್ಟಿ, ಸಿಪಾಯಿ, ಪ್ಲಾಸ್ಟಿಕ್ ಆನೆ ಎಲ್ಲ. ಅಮ್ಮನಿಗೆ ಕೊಟ್ಟಿದ್ದ ಜೋಡಿಯಲ್ಲಿ ರಾಜನಿಗೆ ಗೆದ್ದಲು ಹಿಡಿಯಿತು. ನಾನು ಹುಟ್ಟುವ ಮುಂಚೆಯೇ ಹಿಡಿದಿತ್ತಂತೆ. ಅಗ್ರಹಾರದ ನಮ್ಮ ಮನೆಯ ಅಟ್ಟದಿಂದ ಪೆಟ್ಟಿಗೆ ಇಳಿಸಿದರೆ ರಾಣಿ ಮೊದಲಿನಂತೆಯೇ ಇದ್ದಳು, ರಾಜ ಮುಟ್ಟಿದರೆ ಹುಡಿಯಾಗುತ್ತಿದ್ದ. ಅದೇ ಮರ, ಅದೇ ಪೆಟ್ಟಿಗೆ. ಗೆದ್ದಲು ಒಬ್ಬನನ್ನೇ ಯಾಕೆ ಆರಿಸಿಕೊಂಡಿತು ಅನ್ನುವುದಕ್ಕೆ ಅಮ್ಮ ಒಂದು ಕಾರಣ ಹೇಳುತ್ತಿದ್ದರು. "ಗಂಡಸರು ಸುಮ್ನೆ ಒಂದ್ಕಡೆ ಕೂತ್ರೆ ಹಾಗೇ ಆಗೋದು."

ಹಬ್ಬಕ್ಕೆ ಮರುದಿನವೇ ಕೂರಿಸಬೇಕು. ಹೊಸ ಜೋಡಿ ತರುವುದೆಂದರೆ ಹಳೆಯ ರಾಣಿಯನ್ನು ಏನು ಮಾಡುವುದು? ಒಂಟಿ ರಾಣಿಯನ್ನು ಮೇಲೆ ಕೂರಿಸುವಂತಿಲ್ಲ. ಆಗ ಅಮ್ಮನ ಕಣ್ಣು ಅಪ್ಪನ ಮೇಜಿನ ಮೇಲಿದ್ದ ಪಿಂಗಾಣಿ ಪ್ರತಿಮೆಯ ಮೇಲೆ ಬಿತ್ತು. ಅಪ್ಪ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಅವರಿಗೆ ಪಾಠ ಹೇಳಿದ್ದ ಒಬ್ಬ ಬಿಳಿಯ ಮೇಷ್ಟ್ರು ಊರು ಬಿಟ್ಟು ಹೋಗುವಾಗ ಕೊಟ್ಟದ್ದು ಅದು. ಅಪ್ಪ ಅದರ ಪಕ್ಕದಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು, ಕಷ್ಟದ ಉತ್ತರ ಬಂದಾಗ ಅದರ ಮುಖ ನೋಡುತ್ತಿದ್ದರು.

ಅಮ್ಮ ಅದನ್ನು ಎತ್ತಿಕೊಂಡು ಹೋಗಿ ಹಿತ್ತಾಳೆ ಸೇರನ್ನು ಬೋರಲು ಹಾಕಿ ಅದರ ಮೇಲೆ ಇಟ್ಟರು. ಸೇರಿಗೆ ಜರಿಯಂಚಿನ ಪಂಚೆ ಉಡಿಸಿದರು, ಭುಜಕ್ಕೆ ಶಲ್ಯ ಹೊದಿಸಿದರು. ತಮ್ಮ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಒಂದು ಮೈಸೂರು ಪೇಟ ಕಟ್ಟಿ, ಬಿಚ್ಚಿಹೋಗದಂತೆ ಹೊಲಿದು, ತಲೆಯ ಮೇಲೆ ಕೂರಿಸಿದರು. ಕೊನೆಗೆ, ಮೀಸೆಯಿಲ್ಲದ ರಾಜ ಎಲ್ಲಾದರೂ ಇರುತ್ತಾನೆಯೇ ಎಂದು ಕಾಡಿಗೆಯಲ್ಲಿ ಮೀಸೆ ಬರೆದರು.

"ಅವನು ಯಾರು ಗೊತ್ತೇನೇ?" ಎಂದು ಅಪ್ಪ ಕೇಳಿದರಂತೆ.

"ಒಂಬತ್ತು ದಿನ ನನ್ನ ಅಳಿಯ. ಆಮೇಲೆ ಯಾರಾದ್ರೂ ಆಗ್ಲಿ."

ಅಪ್ಪ ನಕ್ಕು ಸುಮ್ಮನಾದರಂತೆ. ಇದಿಷ್ಟೂ ನಾನು ಕೇಳಿದ್ದು, ಕಂಡದ್ದಲ್ಲ. ಕಂಡದ್ದು ಮುಂದಿನ ವರ್ಷಗಳ ರಾಜನನ್ನು. ರಾಣಿಯ ತಲೆ ನಿಂಬೆಹಣ್ಣಿನಷ್ಟಿದ್ದರೆ ರಾಜನದು ಗಜನಿಂಬೆಯಷ್ಟು. ಸಂಜೆ ಬೀದಿಯ ಮಕ್ಕಳು "ಗೊಂಬೆ ಕೂರ್ಸಿದೀರಾ?" ಎಂದು ಬಂದು, ಅದನ್ನು ನೋಡಿ ಕಿಸಕ್ಕನೆ ನಗುತ್ತಿದ್ದರು. "ರಾಜ್ಯಭಾರ ಕಣ್ರೋ, ತಲೆ ದೊಡ್ಡದೇ ಇರ್ಬೇಕು" ಎಂದು ಅಮ್ಮ ಅವರ ಕೈಗೆ ಕೊಬ್ಬರಿ ಮಿಠಾಯಿ ಹಾಕುತ್ತಿದ್ದರು. ಹಬ್ಬ ಮುಗಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಮೀಸೆ ಒರೆಸಿ, ಪೇಟ ತೆಗೆದು, ರಾಜನನ್ನು ಅಪ್ಪನ ಮೇಜಿಗೆ ವಾಪಸು ಕಳಿಸುತ್ತಿದ್ದರು.

ಇಲ್ಲಿ ನನಗೊಂದು ವಿಚಿತ್ರ ಇದೆ. ವರ್ಷದ ಉಳಿದ ದಿನಗಳೆಲ್ಲ ಅದು ಪೇಟವಿಲ್ಲದೆ ಅಪ್ಪನ ಮೇಜಿನ ಮೇಲೇ ಇತ್ತು. ನಾನು ದಿನವೂ ಅದರ ಮುಂದೆ ಓಡಾಡಿದವನು. ಆದರೂ ಅದರ ಬರಿತಲೆ ನನ್ನ ಕಣ್ಣಿಗೆ ಬರುವುದಿಲ್ಲ. ಬರುವುದು ಪೇಟ, ಕಾಡಿಗೆ ಮೀಸೆ, ಶಲ್ಯದ ಅಂಚು. ಒಂಬತ್ತು ದಿನಗಳು ಮುನ್ನೂರಕ್ಕೂ ಹೆಚ್ಚು ದಿನಗಳನ್ನು ಒರೆಸಿಹಾಕಿವೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಆಮೇಲೆ ಅದನ್ನೇ ಪಾಠ ಮಾಡಿದ ನಾನು, ಒಬ್ಬ ಸಾಕ್ಷಿ ಹೀಗೆ ಹೇಳಿದ್ದರೆ ಅವನ ಮಾತನ್ನು ಅಡಿಟಿಪ್ಪಣಿಗೂ ಸೇರಿಸುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ಗೊಂಬೆ ಕೂರಿಸಲಿಲ್ಲ. ಅಪ್ಪನ ಶಿಷ್ಯರೊಬ್ಬರು ಬಂದು, ಆ ಪ್ರತಿಮೆಯನ್ನು ಮ್ಯೂಸಿಯಮ್ಮಿಗೆ ಕೊಟ್ಟರೆ ತಮ್ಮ ಮೇಷ್ಟ್ರ ನೆನಪಿಗೆ ಇರುತ್ತದೆ ಎಂದು ಕೇಳಿದರು. ಅಮ್ಮ ಕೊಟ್ಟರು. "ತಲೆ ತಗೊಂಡೋಗಿ, ಪೇಟ ಕೊಡಲ್ಲ" ಎಂದರು. ನಾನು ಅದನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಆಟೋದಲ್ಲಿ ಮ್ಯೂಸಿಯಮ್ಮಿಗೆ ಹೋದೆ. ರಸ್ತೆಯ ಹಳ್ಳಗಳಲ್ಲಿ ಆಟೋ ಕುಲುಕಿದಾಗ ಅದರ ಮೂಗು ನನ್ನ ಅಂಗೈಗೆ ಒತ್ತುತ್ತಿದ್ದದ್ದು ಈಗಲೂ ಗೊತ್ತಾಗುತ್ತದೆ.

ಇದನ್ನು ನಾನು ಅಕ್ಕನಿಗೆ ಹೇಳಿದಾಗ ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀನೆಲ್ಲಿದ್ಯೋ ಆಗ? ಧಾರವಾಡದಲ್ಲಿದ್ದೆ. ತಗೊಂಡೋಗಿದ್ದು ನಮ್ಮನೆಯವರು. ವಾಪಸ್ ಬಂದು 'ಕೈ ಮರಗಟ್ಟಿ ಹೋಯ್ತು' ಅಂತ ನನ್ನ ಹತ್ರ ಕೈ ನೀವಿಸ್ಕೊಂಡ್ರು."

"ಮೂಗು ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ ಅಕ್ಕ."

"ಅವರು ಹೇಳಿದ್ದು ಕೇಳ್ಕೊಂಡು ನೆನಪು ಮಾಡ್ಕೊಂಡಿದೀಯ. ಎಲ್ಲರ್ಗೂ ಆಧಾರ ಏನು ಆಧಾರ ಏನು ಅಂತೀಯಲ್ಲ, ನಿಂದೇನು ಆಧಾರ?"

ಭಾವ ಈಗ ಇಲ್ಲ. ಕೇಳುವುದು ಯಾರನ್ನು? ಅಂಗೈಯಲ್ಲಿನ ಆ ಮೂಗು ಯಾರದು ಎಂದು ನನಗೆ ಅಂದಿನಿಂದ ಗೊತ್ತಿಲ್ಲ.

ಈ ಮಾತು ಎದ್ದದ್ದು ಅಕ್ಕನ ಮೊಮ್ಮಗಳ ಮದುವೆ ಗೊತ್ತಾದ ಹೊತ್ತಿನಲ್ಲಿ. ಅಕ್ಕ ಶ್ರೀರಾಂಪುರದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅಮ್ಮನ ರಾಣಿಯೂ ಪೇಟವೂ ಅವಳ ಬೀರುವಿನಲ್ಲಿದ್ದವು. ಮೊಮ್ಮಗಳಿಗೆ ಅವನ್ನೇ ಕೊಡಬೇಕೆಂದು ಅವಳ ಆಸೆ. ಸೊಸೆ ಕೆಟ್ಟವಳಲ್ಲ, ಸರಳವಾಗಿ ಯೋಚಿಸುವವಳು. "ಹೊಸ ಜೋಡಿ ತಂದ್ಬಿಡೋಣ ಅತ್ತೆ. ಒಂಟಿ ಗೊಂಬೆ ಕೊಟ್ರೆ ಬೀಗರು ಏನಂದ್ಕೊಳಲ್ಲ?" ಎಂದಳು. ಅಕ್ಕನಿಗೂ ಅದು ಕೊರೆಯುತ್ತಿತ್ತು. ಅವಳು ತನ್ನದೇ ಒಂದು ನ್ಯಾಯ ಮಾಡಿಕೊಂಡಳು, ಅದನ್ನು ನನಗೆ ಫೋನಿನಲ್ಲಿ ಒಪ್ಪಿಸಿದಳು.

"ನೋಡು, ರಾಜ ಎಲ್ಲೋ ಒಂದ್ಕಡೆ ಇದಾನೆ ಅಂತ ಗಟ್ಟಿಯಾಗಿ ಗೊತ್ತಾದ್ರೆ ಅವಳು ಮುತ್ತೈದೆ. ಧೈರ್ಯವಾಗಿ ಕೊಡ್ತೀನಿ. ಇಲ್ಲ ಅಂದ್ರೆ ಯಾಕೆ ಮಗೂಗೆ ಒಂಟಿ ಗೊಂಬೆ? ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೇಲಿ ಬಿಟ್ಟು ಬಂದ್ಬುಡ್ತೀನಿ."

"ಮ್ಯೂಸಿಯಮ್ಮಿಗೆ ಕೊಟ್ಟಿದ್ದು ನಿಜ ತಾನೆ? ಅಲ್ಲೇ ಇರುತ್ತೆ."

"ಇರುತ್ತೆ ಅನ್ನೋದು ಬೇರೆ, ಇದಾನೆ ಅನ್ನೋದು ಬೇರೆ. ಒಡೆದು ಹೋಗಿದ್ರೆ? ನೀನೇ ಹೇಳ್ತಿರ್ತೀಯ, ಕಣ್ಣಲ್ಲಿ ನೋಡದೆ ಹೇಳ್ಬಾರ್ದು ಅಂತ. ಬಾ, ನೋಡ್ಕೊಂಡು ಬರೋಣ."

ಹೀಗೆ ನನ್ನ ಮಾತಿನಿಂದಲೇ ನನ್ನನ್ನು ಕಟ್ಟಿಹಾಕಿದಳು.

ಹೋಗುವ ಮುಂಚಿನ ವಾರ ನಾನು ನಿಂತಲ್ಲಿ ನಿಲ್ಲಲಿಲ್ಲ. ನಾನಿರುವುದು ಗೋಕುಲಂನಲ್ಲಿ. ಬೆಳಿಗ್ಗೆ ಯೋಗ ಮುಗಿಸಿ ಎಳನೀರಿನ ಗಾಡಿಯ ಸುತ್ತ ನಿಲ್ಲುವ ವಿದೇಶಿಯರ ಮುಖಗಳಿಗೆ ನಾನು ಮನಸ್ಸಿನಲ್ಲೇ ಪೇಟ ತೊಡಿಸಿ ನೋಡತೊಡಗಿದೆ. ಒಬ್ಬ ಉದ್ದ ಮೂಗಿನವನು ನಮ್ಮ ರಾಜನೇ ಅನಿಸಿದ. ಮರುದಿನ ಇನ್ನೊಬ್ಬ. ಮೂರನೆಯದು ಒಬ್ಬ ಹೆಂಗಸು. ದಸರಾ ಹೊತ್ತಿಗೆ ಅರಮನೆಯ ಸುತ್ತ ಪ್ರವಾಸಿಗಳು ಬಾಡಿಗೆ ಪೇಟ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವುದನ್ನು ನೋಡಿದ್ದೇನಲ್ಲ, ಯಾರು ಹಾಕಿದರೂ ಒಂದು ಗಳಿಗೆ ದಿವಾನರಂತೆ ಕಾಣುತ್ತಾರೆ. ಆಗಲೇ ನನಗೆ ಅನುಮಾನ ಹುಟ್ಟಿತ್ತು. ನಮಗೆ ನೆನಪಿರುವುದು ಮುಖವಲ್ಲ, ಪೇಟ. ಅಂದರೆ ಅಲ್ಲಿ ಹೋಗಿ ಗುರುತು ಹಿಡಿಯುವ ಪರೀಕ್ಷೆಯೇ ಹುಸಿ. ಇದನ್ನು ಅಕ್ಕನಿಗೆ ಹೇಳಲಿಲ್ಲ.

ಅವಳು ಹೊರಟ ದಿನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ಮದುವೆಮನೆಗೆ ಹೋಗುವವಳ ಹಾಗೆ. ಬಟ್ಟೆಚೀಲದಲ್ಲಿ ಏನೋ ಉಬ್ಬಿಕೊಂಡಿತ್ತು. ನೀರಿನ ಬಾಟಲಿ ಅಂದುಕೊಂಡೆ.

ಕೊನೆಯ ಕೋಣೆ ತಲುಪುವ ಹೊತ್ತಿಗೆ ಅವಳಿಗೆ ಏದುಸಿರು ಬಂದಿತ್ತು. ಕಪಾಟಿನ ಮುಂದೆ ನಿಂತು ಮೊದಲು ಎಡಗಡೆಯವನನ್ನು, ಆಮೇಲೆ ಬಲಗಡೆಯವನನ್ನು ನೋಡಿದಳು. ಮತ್ತೆ ಎಡಕ್ಕೆ. ಇಬ್ಬರಿದ್ದಾರೆ ಎಂದು ನಮಗೆ ಗೊತ್ತೇ ಇರಲಿಲ್ಲ. ಇಬ್ಬರಿಗೂ ಗಡ್ಡಮೀಸೆ ಇಲ್ಲ. ಒಬ್ಬನಿಗೆ ಗುಂಗುರು ಕೂದಲು, ತೆರೆದ ಕಾಲರು. ಇನ್ನೊಬ್ಬನಿಗೆ ಹಿಂದಕ್ಕೆ ಬಾಚಿದ ಕೂದಲು, ಕತ್ತಿಗೆ ಕಟ್ಟಿದ ಬಟ್ಟೆ. ಎತ್ತರ ಒಂದೇ, ಪೀಠ ಒಂದೇ. ಒಂದೇ ಕಾರ್ಖಾನೆಯವೇ ಇರಬೇಕು.

"ಇವರ್ಯಾರೋ ಇವರು?" ಎಂದಳು. ದನಿ ಸಣ್ಣದಾಗಿತ್ತು. "ಇವರಿಗೆ ಕೂದಲಿದೆಯಲ್ಲೋ!"

"ಎಲ್ಲರಿಗೂ ಕೂದಲಿರುತ್ತೆ ಅಕ್ಕ. ನಾವು ಪೇಟದಲ್ಲಿ ನೋಡಿದ್ದು."

"ಅಪ್ಪ ಏನೋ ಹೆಸರು ಹೇಳ್ತಿದ್ರು."

"ಎಡಗಡೆಯವನ ಹೆಸರು. ಕವಿ ಅಂತಿದ್ದರು."

"ಇಲ್ಲ ಕಣೋ. ಕತೆ ಬರೆಯೋನು ಅಂತಿದ್ರು. ಅವನ ಕತೇಲಿ ಬಡ ಮಕ್ಕಳು ಬರ್ತಾರೆ, ಅದನ್ನ ನಮಗೆ ಊಟ ಮಾಡಿಸ್ತಾ ಹೇಳಿಲ್ವೇ?"

ಅಪ್ಪ ಊಟ ಮಾಡಿಸುತ್ತಾ ಕತೆ ಹೇಳಿದ್ದು ನನಗೆ ನೆನಪಿಲ್ಲ. ಅಕ್ಕ ನನಗಿಂತ ದೊಡ್ಡವಳು, ಅವಳಿಗೆ ಹೇಳಿರಬಹುದು. ನಾನು ಹುಟ್ಟುವ ಹೊತ್ತಿಗೆ ಅಪ್ಪ ಕತೆ ನಿಲ್ಲಿಸಿರಬಹುದು. ನನಗೆ ಸಿಕ್ಕ ಅಪ್ಪನೇ ಬೇರೆ ಇರಬಹುದು.

ನಾನು ಕೆಳಗೆ ಹೋಗಿ ಅಲ್ಲಿನ ಅಧಿಕಾರಿಯನ್ನು ಕರೆತಂದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯಿಂದ ಕೇಳಿದರು. ಎರಡೂ ದಾನವಾಗಿ ಬಂದವು, ಬೇರೆ ಬೇರೆ ಮನೆಗಳಿಂದ. ಯಾವುದು ಯಾರದು ಅಂತ ಈಗ ಹೇಳಲಾಗದು, ಹಳೆಯ ಕಾಲದಲ್ಲಿ ಅಷ್ಟೆಲ್ಲ ಗುರುತು ಹಾಕುತ್ತಿರಲಿಲ್ಲ ಎಂದರು. ನಾನು ಕಾಡಿಗೆ ಮೀಸೆಯ ವಿಷಯ ಹೇಳಿದೆ. ಇದು ಮೆರುಗು ಕೊಡದ ಪಿಂಗಾಣಿ ಅಲ್ಲವೇ, ಎಣ್ಣೆ ಕಾಡಿಗೆ ಒಳಕ್ಕೆ ಇಳಿದಿರಬೇಕಲ್ಲ, ಮೇಲ್ದುಟಿಯ ಮೇಲೆ ಬೂದು ಕಲೆ ಇತ್ತೇ?

"ಇದ್ದಿರಬಹುದು ಸರ್. ಈ ಕಪಾಟಿಗೆ ಇಡೋ ಮುಂಚೆ ಎರಡನ್ನೂ ಚೆನ್ನಾಗಿ ಶುಚಿ ಮಾಡಿದ್ರು. ತುಂಬಾ ಕೊಳೆ ಇತ್ತಂತೆ ಎರಡರ ಮೇಲೂ."

"ಕೊಳೆ ಅಲ್ಲಮ್ಮ," ಎಂದಳು ಅಕ್ಕ. "ಮೀಸೆ."

ಆಕೆಗೆ ನಗು ಬಂತು, ಅಕ್ಕನ ಮುಖ ನೋಡಿ ತಡೆದುಕೊಂಡರು. ನಾನು ಬಗ್ಗಿ ನೋಡಿದೆ. ಎಡಗಡೆಯವನ ಮೇಲ್ದುಟಿಯ ಮೇಲೆ ತೆಳುವಾದ ಬೂದು ಛಾಯೆ ಕಂಡಿತು. ಬಲಗಡೆಯವನಿಗೂ ಇತ್ತು. ಮೇಲಿನ ದೀಪ ಇಬ್ಬರ ಮೂಗಿನ ನೆರಳನ್ನೂ ಒಂದೇ ಜಾಗಕ್ಕೆ ಬೀಳಿಸುತ್ತಿತ್ತು.

ಆಗ ಅಕ್ಕ ಚೀಲಕ್ಕೆ ಕೈ ಹಾಕಿ ಪೇಟ ತೆಗೆದಳು. ಬಣ್ಣ ಮಾಸಿತ್ತು, ಜರಿ ಕಪ್ಪಾಗಿತ್ತು, ಆದರೆ ಅಮ್ಮನ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಚೀಲದಲ್ಲಿ ಇನ್ನೂ ಏನೋ ಇತ್ತು. ರಾಣಿಯ ಕಿರೀಟದ ತುದಿ. ಅವಳನ್ನೂ ಕರೆತಂದಿದ್ದಳು.

"ಒಂದೇ ಒಂದು ಸಲ ತಲೆ ಮೇಲೆ ಇಟ್ಟು ನೋಡ್ಲೇನಮ್ಮ?"

"ಅದಾಗಲ್ಲ ಆಂಟಿ. ಕಪಾಟು ತೆಗೆಯೋ ಅಧಿಕಾರ ನನಗಿಲ್ಲ." ಆಕೆ ಸ್ವಲ್ಪ ಯೋಚಿಸಿದರು. "ಗಾಜಿಗೆ ತಾಗಿಸದೆ ಹೊರಗಿಂದ ಹಿಡಿದು ನೋಡ್ತೀರಾ? ದೂರದಿಂದ ನೋಡಿದ್ರೆ ತಲೆ ಮೇಲೆ ಇಟ್ಟ ಹಾಗೇ ಕಾಣುತ್ತೆ."

ಒಳ್ಳೆಯ ಉಪಾಯ. ಆದರೆ ಅದಕ್ಕೆ ಇಬ್ಬರು ಬೇಕು. ಹಿಡಿದವರಿಗೆ ಕಾಣುವುದಿಲ್ಲ. ಗಾಜಿನ ಹತ್ತಿರ ನಿಂತವರಿಗೆ ಪೇಟ ಒಂದು ಕಡೆ, ತಲೆ ಒಂದು ಕಡೆ. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಸರಿಯಾದ ಜಾಗದಲ್ಲಿ ನಿಂತವನಿಗೆ ಮಾತ್ರ ಎರಡೂ ಕೂಡುತ್ತವೆ. ಪೇಟ ಅಕ್ಕನ ಕೈಯಲ್ಲಿತ್ತು. ಹೀಗಾಗಿ ಹಿಡಿಯುವವಳು ಅವಳಾದಳು, ನೋಡುವವನು ನಾನಾದೆ. ಯಾರೂ ಯೋಚಿಸಿ ಮಾಡಿದ್ದಲ್ಲ.

ಅವಳು ನನಗೆ ಬೆನ್ನು ಮಾಡಿ ಎಡಗಡೆಯವನ ಮುಂದೆ ಪೇಟ ಎತ್ತಿ ಹಿಡಿದಳು. ಅವಳಿಗೆ ಭುಜ ನೋವು, ಕೈ ಪೂರ್ತಿ ಮೇಲೆ ಹೋಗುವುದಿಲ್ಲ. ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡಳು.

"ಕೂತ್ಕೊಂಡ್ತಾ?"

"ಸ್ವಲ್ಪ ಕೆಳಗೆ. ಬಲಕ್ಕೆ. ಇನ್ನೊಂಚೂರು. ಹ್ಞಾ, ಅಲ್ಲೇ."

ಗುಂಗುರು ಕೂದಲು ಮಾಯವಾಯಿತು. ಪೇಟದ ಕೆಳಗೆ ಒಂದು ಮುಖ ಉಳಿಯಿತು. ಆ ಮುಖ ನನ್ನನ್ನು ಅಗ್ರಹಾರದ ಮನೆಯ ನಡುಮನೆಯಿಂದ ನೋಡಿತು. ಮೆಟ್ಟಿಲುಗಳಿಗೆ ಹಾಸಿದ ಬಿಳಿ ಪಂಚೆ, ಸಾಂಬ್ರಾಣಿ ಹೊಗೆ, ರಾಣಿಯ ಪಕ್ಕದ ದೊಡ್ಡ ತಲೆ, ಎಲ್ಲ ಬಂತು. ಬಂದ ಮರುಗಳಿಗೆಯೇ ನನ್ನ ಒಳಗಿನ ಮೇಷ್ಟ್ರು ಎದ್ದು ಕೂತ. ಇನ್ನೊಂದನ್ನು ನೋಡದೆ ಹೇಳಬೇಡ ಎಂದ.

"ಇನ್ನೊಂದಕ್ಕೆ ಹಿಡಿ ಅಕ್ಕ."

"ಇದಲ್ವಾ?"

"ಮೊದಲು ಇನ್ನೊಂದಕ್ಕೆ ಹಿಡಿ."

ಹಿಡಿದಳು. ಅಲ್ಲೂ ರಾಜ ಬಂದ. ಅದೇ ನಡುಮನೆ, ಅದೇ ಹೊಗೆ. ಎಡಗಡೆಯದಕ್ಕಿಂತ ಒಂದು ಎಳೆ ಹೆಚ್ಚೋ ಕಡಿಮೆಯೋ ಹೇಳಲಾರೆ. ಎಳನೀರಿನ ಗಾಡಿಯ ಹತ್ತಿರ ಕಂಡದ್ದೂ ಇದೇ ಅಲ್ಲವೇ ಅನ್ನಿಸಿ ನಾಚಿಕೆಯಾಯಿತು.

"ಯಾವುದೋ?" ಅವಳ ಕೈ ನಡುಗುತ್ತಿತ್ತು. "ಬೇಗ ಹೇಳೋ, ಭುಜ ಕಿತ್ತು ಬರ್ತಿದೆ."

"ಎರಡೂ ಹಾಗೇ ಕಾಣುತ್ತೆ ಅಕ್ಕ. ಹೇಳಕ್ಕಾಗಲ್ಲ."

ಅವಳು ಕೈ ಇಳಿಸಿದಳು. ತಿರುಗಿ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಪೇಟವನ್ನು ಊದಿ, ಇಲ್ಲದ ಧೂಳು ಹಾರಿಸಿ, ಚೀಲದಲ್ಲಿ ರಾಣಿಯ ತಲೆಯ ಪಕ್ಕಕ್ಕೆ ಇಟ್ಟಳು. ಅಷ್ಟರಲ್ಲಿ ಶಾಲೆಯ ಮಕ್ಕಳ ದೊಡ್ಡ ಗುಂಪೊಂದು ನುಗ್ಗಿತು. ಅಧಿಕಾರಿ ಅವರ ಹಿಂದೆ ಓಡಿದರು. ನಾವು ಗೋಡೆಗೆ ಒತ್ತಿಕೊಂಡು ಹೊರಗೆ ಬಂದೆವು.

ಆಟೋದಲ್ಲಿ ಅವಳು ಒಂದೇ ಮಾತು ಆಡಿದ್ದು. "ಅಮ್ಮ ಇದ್ದಿದ್ರೆ ಕಣ್ಣು ಮುಚ್ಚಿ ಹೇಳ್ತಿದ್ಳು."

ಅವಳನ್ನು ಶ್ರೀರಾಂಪುರದಲ್ಲಿ ಇಳಿಸಿ ಅದೇ ಆಟೋದಲ್ಲಿ ನಾನು ಗೋಕುಲಂಗೆ ಬರುವಾಗ ಹೊಳೆಯಿತು. ಪೇಟ ನಾನು ಹಿಡಿಯಬಹುದಿತ್ತು. ಅವಳನ್ನು ನಾನು ನಿಂತಿದ್ದ ಜಾಗದಲ್ಲಿ ನಿಲ್ಲಿಸಬಹುದಿತ್ತು. ನೋಡಬೇಕಿದ್ದವಳು ಅವಳು. ಅವಳು ನೋಡಿದ್ದರೆ ಯಾವುದೋ ಒಂದನ್ನು ಕಂಡು, ಇದೇ ಎಂದು, ಸಮಾಧಾನವಾಗಿ ಮನೆಗೆ ಬರುತ್ತಿದ್ದಳು. ಅದು ತಪ್ಪೇ ಆಗಿದ್ದರೂ ಯಾರಿಗೆ ಏನು ನಷ್ಟ? ಭುಜ ನೋವಿನವಳ ಕೈ ಎತ್ತಿಸಿ, ನನಗೆ ಬೇಡವಾದ ನೋಟವನ್ನು ನಾನೇ ನೋಡಿ, ಅದನ್ನೂ ಅನುಮಾನಿಸಿ ವಾಪಸು ಕೊಟ್ಟೆ. ಮನೆ ತಲುಪಿದ ಕೂಡಲೇ ಫೋನ್ ಮಾಡಿದೆ.

"ಅಕ್ಕ, ಇನ್ನೊಂದು ದಿನ ಹೋಗೋಣ. ನಾನು ಹಿಡೀತೀನಿ, ನೀನು ನೋಡು."

"ಬುಡು, ಆ ಮೆಟ್ಟಿಲು ಇನ್ನೊಂದ್ಸಲ ಹತ್ತಕ್ಕಾಗಲ್ಲ ನನ್ನ ಕೈಲಿ. ನೀನು ನೋಡಿದೆಯಲ್ಲ, ಸಾಕು."

ಸಾಕು ಅನ್ನುವುದನ್ನು ಅವಳು ಹೇಗೆ ಹೇಳಿದಳು ಎಂದು ಬಹಳ ಸಲ ನೆನಪಿಸಿಕೊಂಡಿದ್ದೇನೆ. ಪ್ರತಿ ಸಲವೂ ಬೇರೆ ಬೇರೆ ದನಿ ಕೇಳಿಸುತ್ತದೆ. ಬೇಸರದ್ದು, ಆಯಾಸದ್ದು, ಒಮ್ಮೊಮ್ಮೆ ಒಳಗೇ ನಕ್ಕದ್ದು.

ಮದುವೆಯಲ್ಲಿ ಹೊಸ ಜೋಡಿ ಕೊಟ್ಟರು. ಮೆರುಗು ಹಾಕಿದ ಮರ, ಮಿಂಚುವ ಕಣ್ಣು, ಇಬ್ಬರ ತಲೆಯೂ ಒಂದೇ ಅಳತೆ. ಬೀಗರು ಮೆಚ್ಚಿಕೊಂಡರು. ಅಮ್ಮನ ರಾಣಿ ಏನಾದಳು ಎಂದು ನಾನು ಕೇಳಲಿಲ್ಲ. ಅಕ್ಕ ಶ್ರೀರಂಗಪಟ್ಟಣಕ್ಕೆ ಹೋಗಿಬಂದಳು ಎಂದು ಸೊಸೆ ಯಾವಾಗಲೋ ಮಾತಿಗೆ ಅಂದಿದ್ದಳು. ದೇವಸ್ಥಾನಕ್ಕೆ ಹೋಗಿರಬಹುದು. ಹೊಳೆಗೂ ಹೋಗಿರಬಹುದು. ಬಾಳೆಲ್ಲಾ ಬೇರೆಯವರನ್ನು ಪ್ರಶ್ನೆ ಕೇಳಿದವನಿಗೆ ಇದೊಂದು ಪ್ರಶ್ನೆ ಬಾಯಿಗೆ ಬರಲಿಲ್ಲ. ಸಂಜೆ ನಡೆಯಲು ಹೋದಾಗ, ನೀರಿನಲ್ಲಿ ಬೋರಲಾಗಿ ತೇಲುತ್ತಾ ಹೋಗುವ ಒಂದು ಮರದ ಗೊಂಬೆ ಕಣ್ಣ ಮುಂದೆ ಬರುತ್ತಿತ್ತು. ಅದನ್ನು ನಾನು ನೋಡಿಲ್ಲ. ಆದರೂ ಅದರ ಬೆನ್ನಿನ ಬಣ್ಣ ಕೂಡ ನನಗೆ ಗೊತ್ತಿತ್ತು.

ಈ ಸಲದ ನವರಾತ್ರಿಯಲ್ಲಿ ಮೊಮ್ಮಗಳು ತನ್ನ ಮನೆಯಲ್ಲಿ ಮೊದಲ ಸಲ ಗೊಂಬೆ ಕೂರಿಸಿದಳು. ನಾನು ಹೋದಾಗ ಅಕ್ಕ ಆಗಲೇ ಬಂದು ಕುರ್ಚಿಯಲ್ಲಿ ಕೂತು, ಬಂದ ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದಳು. ಮೇಲಿನ ಮೆಟ್ಟಿಲಲ್ಲಿ ಹೊಸ ಜೋಡಿ. ನನ್ನ ಕಣ್ಣು ಅದರ ಕೆಳಗಿನ ಮೆಟ್ಟಿಲಿಗೆ ಇಳಿಯಿತು.

ಅಮ್ಮನ ರಾಣಿ ಅಲ್ಲಿದ್ದಳು. ಅವಳ ಬಲಕ್ಕೆ ಒಂದು ಹಿತ್ತಾಳೆ ಸೇರು, ಬೋರಲು. ಅದಕ್ಕೆ ಜರಿಯಂಚಿನ ಪಂಚೆ, ಶಲ್ಯ. ಅದರ ಮೇಲೆ, ತಲೆ ಇರಬೇಕಾದ ಕಡೆ, ಏನೂ ಇಲ್ಲದೆ, ಪೇಟ.

ನಾನು ನಿಂತೇ ಇದ್ದೆ. ಮೊಮ್ಮಗಳು ಪಕ್ಕಕ್ಕೆ ಬಂದಳು.

"ಚೆನ್ನಾಗಿದೆಯಾ ತಾತ? ಅಜ್ಜಿ ಮೊನ್ನೆ ತಂದ್ಕೊಟ್ರು. ರಾಜ ಮ್ಯೂಸಿಯಮ್ಮಲ್ಲಿ ಕ್ಷೇಮವಾಗಿದಾನಂತೆ, ನೀವೇ ಹೋಗಿ ಗುರುತು ಹಿಡಿದ್ರಂತೆ. ಅಲ್ಲಿ ಇಬ್ಬರಿದಾರೆ ಅಂತ ಕೇಳ್ದೆ. ನಮ್ಮೋನು ಯಾವುದು?"

ಅಕ್ಕ ಹೀಗೆ ಹೇಳಿದ್ದಾಳೆ! ನನ್ನ 'ಹೇಳಕ್ಕಾಗಲ್ಲ' ಅನ್ನುವುದನ್ನು ಬದಿಗಿಟ್ಟು, ನನ್ನನ್ನು ಸಾಕ್ಷಿ ಮಾಡಿ, ರಾಣಿಯನ್ನು ಮುತ್ತೈದೆ ಮಾಡಿ ಕೊಟ್ಟಿದ್ದಾಳೆ. ನನಗೆ ಎದೆಯ ಭಾರ ಇಳಿದಂತಾಯಿತು. ಒಂದು ಸಲವಾದರೂ, ಆಧಾರ ಇರಲಿ ಇಲ್ಲದಿರಲಿ, ನೇರ ಉತ್ತರ ಕೊಟ್ಟುಬಿಡೋಣ ಅನಿಸಿತು. ಕವಿ ಎಂದು ನನ್ನ ನೆನಪು ಹೇಳುತ್ತಿತ್ತಲ್ಲ.

"ಎಡಗಡೆಯವನು," ಎಂದೆ. ಗಟ್ಟಿಯಾಗಿಯೇ ಎಂದೆ.

ಮಿಠಾಯಿ ತಟ್ಟೆಯ ಸದ್ದು ನಿಂತಿತು.

"ಎಡಗಡೆಯೋನಾ?" ಎಂದಳು ಅಕ್ಕ.

ನಾನು ತಿರುಗಿದೆ. ಅವಳ ಮುಖದಲ್ಲಿ ಈವರೆಗೆ ಇದ್ದ ಹಬ್ಬದ ಕಳೆ ಹಾಗೇ ಇತ್ತು, ಆದರೆ ಕಣ್ಣು ಬೇರೆಲ್ಲೋ ಹೋಗಿತ್ತು.

"ನಾನು ಎರಡನೇದಕ್ಕೆ ಪೇಟ ಹಿಡಿದಾಗ ನೀನು ಹಿಂದೆ ನಿಂತ್ಕೊಂಡು 'ಅಯ್ಯೋ' ಅಂದೆಯಲ್ಲೋ. ಮೆಲ್ಲಗೆ. ಕಿವೀಲಿ ಕೇಳಿದೀನಿ ನಾನು. ಆಮೇಲೆ ನೀನು ಎರಡೂ ಅಂದಿದ್ದು ನಿನ್ನ ಬುದ್ಧಿ ಆಡಿಸಿದ ಮಾತು ಅಂದ್ಕೊಂಡೆ. ಆ ಅಯ್ಯೋ ನಂಬ್ಕೊಂಡೇ ನಾನು ಮಗೂಗೆ ಕೊಟ್ಟಿದ್ದು."

"ಅಂದಿದ್ದೆನಾ?"

"ಅಂದಿದ್ದೆ."

ನಾನು ಹುಡುಕಿದೆ. ಆ ಕೋಣೆ, ಗಾಜು, ಅವಳ ಹಸಿರು ಸೀರೆಯ ಬೆನ್ನು, ನಡುಗುವ ಮೊಣಕೈ, ಎಲ್ಲ ಇದ್ದವು. ನನ್ನ ಬಾಯಿಂದ ಬಂದ ಅಯ್ಯೋ ಎಲ್ಲೂ ಇರಲಿಲ್ಲ. ಅಂದಿರಬಹುದು. ಅಂದಿದ್ದರೆ ಅದು ನಾನು ಹೇಳಿದ ಒಂದೇ ಒಂದು ನಂಬಬಹುದಾದ ಮಾತು. ಅದನ್ನೇ ನಾನು ಕೇಳಿಸಿಕೊಂಡಿರಲಿಲ್ಲ.

"ಹಾಗಾದ್ರೆ ಬಲಗಡೆಯವನೇ ಅಕ್ಕ," ಎಂದೆ. "ನನಗೆ ಮರೆತಿತ್ತು. ಬಲಗಡೆಯವನೇ."

ಅಕ್ಕ ನನ್ನನ್ನು ನೋಡಿದಳು. ಮಕ್ಕಳು ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದಾಗ ನಾನು ಹಾಗೆ ನೋಡುತ್ತಿದ್ದೆ.

"ಈಗ ನನ್ನ ಸಮಾಧಾನಕ್ಕೆ ಹೇಳ್ತಿದೀಯ," ಎಂದಳು.

ಮೊಮ್ಮಗಳು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ಬಾಗಿಲಲ್ಲಿ ಇನ್ನಷ್ಟು ಮಕ್ಕಳು ಬಂದು ನಿಂತು ಕೂಗುತ್ತಿದ್ದವು. ಅಕ್ಕ ಕುರ್ಚಿಯ ಕೈ ಹಿಡಿದು ಎದ್ದಳು. ಮೆಟ್ಟಿಲುಗಳ ಹತ್ತಿರ ಹೋಗಿ, ನೋಯುವ ಕೈಯನ್ನೇ ಮೇಲೆತ್ತಿ, ಸೇರಿನ ಮೇಲೆ ಸ್ವಲ್ಪ ವಾಲಿದ್ದ ಪೇಟವನ್ನು ನೆಟ್ಟಗೆ ಮಾಡಿದಳು. ರಾಣಿಯ ಸೆರಗು ಸರಿಪಡಿಸಿದಳು.

"ಹಬ್ಬ ಮುಗೀಲಿ ಕಣೇ," ಎಂದಳು ಮೊಮ್ಮಗಳಿಗೆ, "ಪೇಟ ತಗೊಂಡು ನೀನೇ ಒಂದ್ಸಲ ಹೋಗಿ ನೋಡು. ಇವನನ್ನೂ ಕರ್ಕೊಂಡು ಹೋಗು. ಹಿಡ್ಕೊಳೋಕೆ. ನೋಡೋಕಲ್ಲ."